ಆದೇಶದಲ್ಲಿ ಬರೆಯದ ಮಾತು

ನೌಕರಿಯ ಆದೇಶಪತ್ರದಲ್ಲಿ ಎಲ್ಲೂ ಬರೆದಿರದಿದ್ದರೂ ಸಂಸ್ಥೆ ತನಗೆ ಮಾತು ಕೊಟ್ಟಿದೆಯೆಂದು ನೌಕರ ನಂಬಿಕೊಂಡಿರುವ ಸಂಗತಿಗಳನ್ನು ನಿರ್ವಹಣಾಶಾಸ್ತ್ರವು ‘ಮಾನಸಿಕ ಒಪ್ಪಂದ’ ಎನ್ನುತ್ತದೆ. 1960ರಲ್ಲಿ ಕ್ರಿಸ್ ಆರ್ಗಿರಿಸ್ ಸೂಚಿಸಿದ್ದ ಈ ಪರಿಕಲ್ಪನೆಯನ್ನು 1989ರಲ್ಲಿ ಡೆನಿಸ್ ರೂಸೋ ಹೊಸದಾಗಿ ವಿವರಿಸಿ, ಅದರ ನೆಲೆ ನೌಕರನ ನಂಬಿಕೆಯಲ್ಲಿದೆ, ಆದ್ದರಿಂದ ಸಂಸ್ಥೆ ಯಾವ ನಿಯಮವನ್ನೂ ಮುರಿಯದೆಯೇ ಆ ಒಪ್ಪಂದ ಮುರಿಯಬಹುದು ಎಂದು ತೋರಿಸಿಕೊಟ್ಟರು.

ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದ ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳೂ ಸೇರಿದಂತೆ ರಾಜ್ಯದ ಪದವಿ ಶಿಕ್ಷಣದ ದೊಡ್ಡ ಭಾರವನ್ನು ಹೊತ್ತಿರುವ ಅತಿಥಿ ಉಪನ್ಯಾಸಕರ ವಿಷಯದಲ್ಲಿ ಈ ಮಾತು ಅಕ್ಷರಶಃ ನಿಜ. ಕಾಯಂ ಸಹಾಯಕ ಪ್ರಾಧ್ಯಾಪಕರ ಆರಂಭಿಕ ಮೂಲವೇತನ ಯುಜಿಸಿಯ ಏಳನೆಯ ವೇತನಶ್ರೇಣಿಯಲ್ಲಿ 57,700 ರೂಪಾಯಿ ಇದ್ದಾಗ, ಅದೇ ಪಠ್ಯವನ್ನು ಅದೇ ವಿದ್ಯಾರ್ಥಿಗಳಿಗೆ ಕಲಿಸುವ ಅತಿಥಿ ಉಪನ್ಯಾಸಕರಿಗೆ 2022ರವರೆಗೆ ಸಿಗುತ್ತಿದ್ದುದು ತಿಂಗಳಿಗೆ 11,000 ಇಲ್ಲವೆ 13,000 ರೂಪಾಯಿ. ಆ ವರ್ಷದ ಜನವರಿಯಲ್ಲಿ ಸರ್ಕಾರ ಗೌರವಧನವನ್ನು ಅರ್ಹತೆ ಮತ್ತು ಅನುಭವಕ್ಕೆ ತಕ್ಕಂತೆ 26,000ದಿಂದ 32,000 ರೂಪಾಯಿಗೆ ಏರಿಸಿತಾದರೂ, ಜೊತೆಗೇ ಪ್ರತಿಯೊಬ್ಬರ ವಾರದ ಬೋಧನಾವಧಿಯನ್ನು ಹೆಚ್ಚಿಸಿದ್ದರಿಂದ ಬೇಕಾದವರ ಸಂಖ್ಯೆಯೇ ಕುಗ್ಗಿ, ಹಲವು ವರ್ಷ ದುಡಿದವರೂ ಹೊರಗುಳಿಯಬೇಕಾಯಿತು. ಇಷ್ಟು ವರ್ಷ ಕಲಿಸಿದವರನ್ನು ಕೈಬಿಡಲಾರರು ಎಂಬ ಭರವಸೆಯನ್ನು ಯಾವ ಆದೇಶವೂ ನೀಡಿರಲಿಲ್ಲ, ಆದರೆ ವರ್ಷವರ್ಷವೂ ಮರಳಿ ಕರೆದದ್ದೇ ಆ ಭರವಸೆಯಾಗಿತ್ತು.

ಇದರ ಪರಿಣಾಮ ಹಾಜರಿ ಪುಸ್ತಕದಲ್ಲಿ ಕಾಣುವುದಿಲ್ಲ. ತರಗತಿಗಳು ನಡೆಯುತ್ತವೆ, ಮೌಲ್ಯಮಾಪನವೂ ಮುಗಿಯುತ್ತದೆ. ಕುಂದುವುದು ಲೆಕ್ಕಕ್ಕೆ ಸಿಗದ ಕೆಲಸ, ಅಂದರೆ ಇಸಳೂರಿನಂಥ ಹಳ್ಳಿಯಿಂದ ಬಂದು ಇಂಗ್ಲಿಷಿಗೆ ಅಂಜುವ ವಿದ್ಯಾರ್ಥಿಗೆ ತರಗತಿಯ ನಂತರ ಮತ್ತೊಮ್ಮೆ ಬಿಡಿಸಿ ಹೇಳುವುದು, ಗ್ರಂಥಾಲಯದಲ್ಲಿ ಕುಳಿತು ಹೊಸ ಟಿಪ್ಪಣಿ ಸಿದ್ಧಪಡಿಸುವುದು, ಸಂಶೋಧನೆಗೆ ಮನಸ್ಸು ಕೊಡುವುದು. ಮುಂದಿನ ವರ್ಷ ಇದೇ ಕಾಲೇಜಿನಲ್ಲಿ ಇರುತ್ತೇನೆಂಬ ಖಾತ್ರಿಯಿಲ್ಲದವರು ಮೂರು ವರ್ಷಗಳ ಪದವಿಯುದ್ದಕ್ಕೂ ವಿದ್ಯಾರ್ಥಿಯ ಹೊಣೆ ಹೊರಬೇಕೆಂದು ಬಯಸುವುದು ಅನ್ಯಾಯ. ಹಾಗಿದ್ದೂ ಅದನ್ನು ಹೊರುತ್ತಿರುವವರು ಇದ್ದಾರೆ, ಅವರ ನಿಷ್ಠೆಯನ್ನೇ ಕಡಿಮೆ ಸಂಬಳಕ್ಕೆ ಸಮರ್ಥನೆಯಾಗಿ ಬಳಸುವುದು ಇನ್ನೂ ದೊಡ್ಡ ಅನ್ಯಾಯ.

2023ರ ನವೆಂಬರಿನಲ್ಲಿ ಆರಂಭವಾದ ಅತಿಥಿ ಉಪನ್ಯಾಸಕರ ಮುಷ್ಕರದ ಮುಖ್ಯ ಬೇಡಿಕೆ ಸೇವಾ ಭದ್ರತೆಯಾಗಿತ್ತು. ಸರ್ಕಾರ 2024ರ ಜನವರಿಯಲ್ಲಿ ಸೇವಾವಧಿಗೆ ತಕ್ಕಂತೆ 5,000ದಿಂದ 8,000 ರೂಪಾಯಿಗಳ ಹೆಚ್ಚಳವನ್ನೂ ನಿವೃತ್ತಿ ವಯಸ್ಸಿಗೆ ಐದು ಲಕ್ಷದ ಇಡುಗಂಟನ್ನೂ ಘೋಷಿಸಿತು. ಸೇವೆಯನ್ನು ಮಾತ್ರ ಕಾಯಂಗೊಳಿಸಲಿಲ್ಲ.