ಕಣಕಾಲಿನ ಪಟ್ಟಿ: ತೀರ್ಪಿಗೆ ಮುನ್ನಿನ ನಿರ್ಬಂಧ



ವೈದ್ಯರಾದ ನಮಗೆ ನ್ಯಾಯಾಲಯದ ವಿಷಯವೇಕೆ ಎಂದು ತಾವು ಕೇಳಬಹುದು. ಬ್ರೂಮ್‌ಹಿಲ್ಲಿನಂತಹ ಬಡಾವಣೆಯಲ್ಲಿ, ಆಸ್ಪತ್ರೆಗಳ ನೆರೆಯಲ್ಲಿ ವೃತ್ತಿ ನಡೆಸುವ ನಮ್ಮಂಥವರಿಗೆ ರೋಗಿಯ ಕಾಲನ್ನು ಪರೀಕ್ಷಿಸುವಾಗ ಒಮ್ಮೊಮ್ಮೆ ಪ್ಲಾಸ್ಟಿಕ್ ಪಟ್ಟಿಯೊಂದು ಕಾಣಿಸುತ್ತದೆ. ಕಂಡವರ ಮನಸ್ಸು ಕೂಡಲೇ ‘ಇವನು ಅಪರಾಧಿ’ ಎಂದು ತೀರ್ಪು ಕೊಟ್ಟುಬಿಡುತ್ತದೆ. ಆದರೆ ಅದನ್ನು ಧರಿಸಿದವರಲ್ಲಿ ಹಲವರ ವಿಚಾರಣೆಯೇ ಇನ್ನೂ ನಡೆದಿರುವುದಿಲ್ಲ. ಅವರು ಜಾಮೀನಿನ ಮೇಲೆ ಬಿಡುಗಡೆಯಾದ ಆರೋಪಿಗಳು. ಈ ಪಟ್ಟಿಯ ವಿಚಾರವನ್ನು ತಿಳಿದಿರುವುದು ಇಲ್ಲಿ ನೆಲೆಸಿದ ಪ್ರತಿಯೊಂದು ಕುಟುಂಬಕ್ಕೂ ಹಿತವೆಂದು ನಾವು ಭಾವಿಸುತ್ತೇವೆ.

ಈ ಪಟ್ಟಿಯಲ್ಲಿ ಮುಖ್ಯವಾಗಿ ಎರಡು ಬಗೆ. ಮೊದಲನೆಯದು ರೇಡಿಯೋ ಅಲೆಗಳನ್ನು ಹೊರಡಿಸುವಂಥದು. ಮನೆಯಲ್ಲಿರಿಸಿದ ಒಂದು ಪೆಟ್ಟಿಗೆ ಆ ಅಲೆಗಳನ್ನು ಗ್ರಹಿಸುತ್ತದೆ. ನ್ಯಾಯಾಲಯ ವಿಧಿಸಿದ ಹೊತ್ತಿನಲ್ಲಿ ಆರೋಪಿ ಮನೆಯಿಂದ ಹೊರಗಿದ್ದರೆ ಪೆಟ್ಟಿಗೆಯು ದೂರವಾಣಿ ಜಾಲದ ಮೂಲಕ ನಿಯಂತ್ರಣ ಕೇಂದ್ರಕ್ಕೆ ಸುದ್ದಿ ಮುಟ್ಟಿಸುತ್ತದೆ. ಉಳಿದ ಹೊತ್ತಿನಲ್ಲಿ ಅವನು ಎಲ್ಲಿದ್ದಾನೆಂಬುದು ಅದಕ್ಕೆ ತಿಳಿಯದು. ಎರಡನೆಯದು ಉಪಗ್ರಹಗಳ ನೆರವಿನಿಂದ ಹಗಲಿರುಳೂ ಸ್ಥಳವನ್ನು ಗುರುತಿಸುವ ಜಿಪಿಎಸ್ ಪಟ್ಟಿ; 2019ರ ವೇಳೆಗೆ ಇದು ಇಂಗ್ಲೆಂಡ್ ಮತ್ತು ವೇಲ್ಸಿನಾದ್ಯಂತ ಬಳಕೆಗೆ ಬಂದಿತು. ಇದಕ್ಕೆ ಪ್ರತಿದಿನವೂ ವಿದ್ಯುತ್ ತುಂಬಿಸಬೇಕು.

ಈ ದೇಶದಲ್ಲಿ ಇದರ ಮೊದಲ ಪ್ರಯೋಗ ನಡೆದದ್ದು ಶಿಕ್ಷೆಗೊಳಗಾದವರ ಮೇಲಲ್ಲ, ಆರೋಪಿಗಳ ಮೇಲೆಯೇ. 1989ರಲ್ಲಿ ನಾಟಿಂಗ್‌ಹ್ಯಾಮ್, ನಾರ್ತ್ ಟೈನ್‌ಸೈಡ್ ಮತ್ತು ಲಂಡನ್ನಿನ ಟವರ್ ಬ್ರಿಡ್ಜ್ ನ್ಯಾಯಾಲಯಗಳಲ್ಲಿ ಜಾಮೀನಿನ ಷರತ್ತಾಗಿ ಇದನ್ನು ಆರಂಭಿಸಿದರು. ಒಟ್ಟು 50 ಮಂದಿಗೆ ಮಾತ್ರ ಪಟ್ಟಿ ತೊಡಿಸಲಾಯಿತು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಷರತ್ತನ್ನು ಮುರಿದರು ಅಥವಾ ಹೊಸ ಆರೋಪಕ್ಕೆ ಗುರಿಯಾದರು. ಶಿಕ್ಷೆಯ ರೂಪದಲ್ಲಿ ಇದರ ಪ್ರಯೋಗ ಮ್ಯಾಂಚೆಸ್ಟರ್ ಮೊದಲಾದೆಡೆ ನಡೆದದ್ದು 1995ರಲ್ಲಿ. ಪ್ರಾಪ್ತ ವಯಸ್ಕರ ಜಾಮೀನಿನ ಪಟ್ಟಿಗೆ ಸ್ಪಷ್ಟವಾದ ಶಾಸನಬದ್ಧ ನೆಲೆ ದೊರೆತದ್ದು 2008ರ ಕಾಯಿದೆಯಿಂದ.

ಆ ಕಾಯಿದೆಯ ಎರಡು ಅಂಶಗಳನ್ನು ತಾವು ನೆನಪಿನಲ್ಲಿಡಬೇಕು. ಮೊದಲನೆಯದಾಗಿ, ಪಟ್ಟಿಯಿಲ್ಲದೆ ಹೋದರೆ ಜಾಮೀನೇ ದೊರೆಯುತ್ತಿರಲಿಲ್ಲವೆಂದು ನ್ಯಾಯಾಲಯಕ್ಕೆ ಮನವರಿಕೆಯಾದಾಗ ಮಾತ್ರ ವಯಸ್ಕ ಆರೋಪಿಗೆ ಅದನ್ನು ವಿಧಿಸಬಹುದು. ಎಂದರೆ ಅದು ಸೆರೆಮನೆಗೆ ಬದಲಿಯೇ ಹೊರತು ಸ್ವಾತಂತ್ರ್ಯಕ್ಕೆ ಬದಲಿಯಲ್ಲ. ಎರಡನೆಯದಾಗಿ, ದಿನಕ್ಕೆ ಕನಿಷ್ಠ 9 ಗಂಟೆ ಪಟ್ಟಿಯೊಡನೆ ಮನೆಯಲ್ಲಿರಬೇಕೆಂಬ ಷರತ್ತಿದ್ದು, ಆಮೇಲೆ ಸೆರೆವಾಸದ ಶಿಕ್ಷೆಯಾದರೆ, ಅಂತಹ ಎರಡು ದಿನಗಳಿಗೆ ಒಂದು ದಿನದಂತೆ ಶಿಕ್ಷೆಯಲ್ಲಿ ಕಳೆಯಲಾಗುತ್ತದೆ. ಷರತ್ತನ್ನು ಪಾಲಿಸಿ 120 ದಿನ ಕಳೆದವನಿಗೆ 60 ದಿನಗಳ ವಜಾ. ರಾತ್ರಿ 9ರಿಂದ ಬೆಳಗಿನ 6ರವರೆಗಿನ ನಿರ್ಬಂಧ ಈ ಲೆಕ್ಕಕ್ಕೆ ಬರುತ್ತದೆ. 10ರಿಂದ 6ರವರೆಗಿನದು ಬಾರದು.

ಇಲ್ಲೊಂದು ವಿಚಾರ ಅಡಗಿದೆ. ಪಟ್ಟಿಯ ಒಂದು ದಿನ ಅರ್ಧ ದಿನದ ಸೆರೆಗೆ ಸಮಾನವೆಂದು ಕಾನೂನೇ ಒಪ್ಪಿಕೊಂಡಂತಾಯಿತು. ಅಪರಾಧಿಯೆಂದು ತೀರ್ಪಾಗಿ ಜೈಲಿಗೆ ಹೋದವನಿಗೆ ಆ ದಿನಗಳು ಜಮೆಯಾಗುತ್ತವೆ. ನಿರ್ದೋಷಿಯೆಂದು ಬಿಡುಗಡೆಯಾದವನಿಗೆ? ಅವನು ಕಳೆದ ದಿನಗಳನ್ನು ಜಮೆ ಮಾಡಲು ಯಾವ ಖಾತೆಯೂ ಇಲ್ಲ. ಆದುದರಿಂದಲೇ ಪಟ್ಟಿಯನ್ನು ವಿಧಿಸುವ ಗಳಿಗೆಯಲ್ಲಿಯೇ ಎಚ್ಚರಿಕೆ ಬೇಕು. ಶಸ್ತ್ರಚಿಕಿತ್ಸೆಯನ್ನು ತಪ್ಪಿಸಲು ಕೊಡುವ ತೀಕ್ಷ್ಣವಾದ ಔಷಧ ರೋಗಿಗೆ ವರವಾಗಬಹುದು. ಅದೇ ಔಷಧವನ್ನು ಅಗತ್ಯವಿಲ್ಲದವನಿಗೆ ಕೊಟ್ಟರೆ ಉಳಿಯುವುದು ಅದರ ದುಷ್ಪರಿಣಾಮ ಮಾತ್ರ.

ಆ ಪರಿಣಾಮ ಧರಿಸಿದವನೊಬ್ಬನಿಗೇ ಸೀಮಿತವಲ್ಲ. ರಾತ್ರಿ ಪಾಳಿಯ ಕೆಲಸ ತಪ್ಪುತ್ತದೆ. ಮನೆಯವರೆಲ್ಲರೂ ಆ ಪೆಟ್ಟಿಗೆಯೊಡನೆ ಬಾಳಬೇಕು. ಹಬ್ಬಕ್ಕೆ ಬಂದ ನೆಂಟರೂ ಅದನ್ನು ನೋಡುತ್ತಾರೆ. ದೇಹದ ವಿಷಯದಲ್ಲಿಯೂ ಲಕ್ಷ್ಯ ಬೇಕು. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶಜ್ಞಾನ ಕುಂದಿದವರಿಗೆ ಪಟ್ಟಿ ಉಜ್ಜಿ ಹುಣ್ಣಾದರೂ ನೋವು ತಿಳಿಯದು. ಹೃದಯ ಅಥವಾ ಮೂತ್ರಪಿಂಡದ ತೊಂದರೆಯಿಂದ ಕಾಲು ಬಾತುಕೊಂಡರೆ ಪಟ್ಟಿ ಬಿಗಿಯುತ್ತದೆ. ಎಂಆರ್‌ಐ ಪರೀಕ್ಷೆಗೆ ಮುನ್ನ ಅದನ್ನು ತೆಗೆಸಲೇಬೇಕು. ಆದರೆ ತಾವಾಗಿಯೇ ಕತ್ತರಿಸಿದರೆ ಜಾಮೀನಿನ ಉಲ್ಲಂಘನೆಯೆಂದು ಎಣಿಸಿಯಾರು. ಮೇಲ್ವಿಚಾರಣೆಯ ಸಂಸ್ಥೆಗೆ ಮೊದಲೇ ತಿಳಿಸಿ, ವೈದ್ಯರ ಪತ್ರವನ್ನು ಪಡೆದಿರುವುದು ಕ್ಷೇಮ.

ನಮ್ಮ ತಾಯ್ನಾಡಿನಲ್ಲಿಯೂ ಈ ಚರ್ಚೆ ನಡೆದಿದೆ. ಭಾರತದ ಅಪರಾಧ ದಾಖಲೆಗಳ ಬ್ಯೂರೋ ನೀಡಿದ 2022ರ ಅಂಕಿಅಂಶದಂತೆ ಕಾರಾಗೃಹಗಳಲ್ಲಿದ್ದವರಲ್ಲಿ ಶೇಕಡಾ 75ಕ್ಕೂ ಮಿಕ್ಕಿ ವಿಚಾರಣಾಧೀನರು. ಅವರನ್ನು ಹೊರತರಲು ಕಾಲಿನ ಪಟ್ಟಿ ಮಾರ್ಗವಾಗಬಹುದೆಂಬ ವಾದವನ್ನು ತಳ್ಳಿಹಾಕಲಾಗದು. ಆದರೆ 2024ರ ಜುಲೈ 8ರಂದು ಸರ್ವೋಚ್ಚ ನ್ಯಾಯಾಲಯವು ಫ್ರಾಂಕ್ ವೈಟಸ್ ಪ್ರಕರಣದಲ್ಲಿ, ಆರೋಪಿಯ ಪ್ರತಿಯೊಂದು ಚಲನವಲನವನ್ನೂ ಪೊಲೀಸರು ಸದಾ ತಿಳಿಯುವಂತೆ ಮಾಡುವ ಜಾಮೀನಿನ ಷರತ್ತು ಸಂವಿಧಾನದ 21ನೇ ವಿಧಿಗೆ ವಿರುದ್ಧವೆಂದು ತೀರ್ಪಿತ್ತಿತು. ಅಲ್ಲಿ ಪ್ರಶ್ನೆ ಕಾಲಿನ ಪಟ್ಟಿಯದಲ್ಲ, ಗೂಗಲ್ ನಕ್ಷೆಯ ಮೂಲಕ ಸ್ಥಳ ತಿಳಿಸುವುದಾಗಿತ್ತು. ತತ್ತ್ವ ಮಾತ್ರ ಒಂದೇ. ಆ ಆರೋಪಿ ನೈಜೀರಿಯಾದವನು. ಪರದೇಶದವನಿಗೂ ಆ ರಕ್ಷಣೆ ದೊರೆತುದು ಪರದೇಶದಲ್ಲಿ ನೆಲೆಸಿದ ನಮಗೆ ಗಮನಾರ್ಹವಾದುದು.

ಕೊನೆಯದಾಗಿ ಒಂದು ವಿನಂತಿ. ನಮ್ಮವರ ಮನೆಯ ಹುಡುಗನೊಬ್ಬನಿಗೆ ಇಂತಹ ಸಂದರ್ಭ ಒದಗಿದರೆ ನಾಚಿಕೆಯಿಂದ ಬಾಗಿಲು ಮುಚ್ಚಿಕೊಳ್ಳದೆ ವಕೀಲರನ್ನು ಕಾಣಿರಿ. ನಿರ್ಬಂಧದ ಹೊತ್ತು ಎಷ್ಟೆಂಬುದನ್ನು ಬರೆದಿಟ್ಟುಕೊಳ್ಳಿರಿ. ಉದ್ಯೋಗಕ್ಕೋ ಚಿಕಿತ್ಸೆಗೋ ಅಡ್ಡಿಯಾದರೆ ಷರತ್ತಿನ ಬದಲಾವಣೆಗಾಗಿ ನ್ಯಾಯಾಲಯವನ್ನು ಕೇಳುವ ಹಕ್ಕು ನಿಮಗಿದೆ. ಉಳಿದ ನಾವು ಮಾಡಬೇಕಾದದ್ದು ಇಷ್ಟೇ: ಆ ಮನೆಗೆ ಹೋಗಿಬರುವುದನ್ನು ನಿಲ್ಲಿಸದಿರುವುದು. ನ್ಯಾಯಾಧೀಶರೇ ಇನ್ನೂ ಕೊಡದ ತೀರ್ಪನ್ನು ನಾವು ಕೊಡುವುದು ತರವಲ್ಲ.