ಲಿವರ್ ಆಕ್ಷನ್ ರೈಫಲ್: ಹೆಗಲಪಟ್ಟಿಯ ಜೋಡಣೆ ಮತ್ತು ತುಕ್ಕು ನಿವಾರಣೆ – ಶಸ್ತ್ರ ಪರವಾನಗಿದಾರರ ಮಾಹಿತಿಗಾಗಿ

ಪೀಠಿಕೆ

ಚಿಕ್ಕೋಡಿ ತಾಲ್ಲೂಕಿನ ಅಂಕಲಿ, ಮಾಂಜರಿ, ಯಡೂರು, ಕಲ್ಲೋಳ ಮೊದಲಾದ ಗ್ರಾಮಗಳು ಕೃಷ್ಣಾ ನದಿ ತೀರದ ಪ್ರದೇಶದಲ್ಲಿವೆ. ಸುತ್ತಲೂ ನೀರಾವರಿಯ ಕಬ್ಬು ಬೆಳೆಯುವ ಈ ಭಾಗದಲ್ಲಿ ಮಳೆಗಾಲದ ತೇವ ಮನೆಯೊಳಗಿನ ಕಪಾಟಿನವರೆಗೂ ತಲುಪುತ್ತದೆ. ಸ್ವರಕ್ಷಣೆಗಾಗಿ ಅಥವಾ ಬೆಳೆ ರಕ್ಷಣೆಗಾಗಿ ಪರವಾನಗಿ ಪಡೆದು ಬಂದೂಕು ಇಟ್ಟುಕೊಂಡಿರುವ ನಾಗರಿಕರು ಅದರ ಪಾಲನೆಯ ಬಗ್ಗೆ ವಿಶೇಷ ಗಮನ ಹರಿಸುವುದು ಅವಶ್ಯಕವಾಗಿದೆ.

ಲಿವರ್ ಆಕ್ಷನ್ ರೈಫಲ್ ಎಂದರೆ ಟ್ರಿಗರಿನ ಸುತ್ತಲಿರುವ ಲಿವರನ್ನು ಕೆಳಕ್ಕೆ ಎಳೆದು ಮೇಲಕ್ಕೆ ತಂದಾಗ ಖಾಲಿ ತೋಟೆ ಹೊರಬಿದ್ದು ಹೊಸ ತೋಟೆ ಒಳಸೇರುವ ರೈಫಲ್. 1894ರ ವಿಂಚೆಸ್ಟರ್ ಮಾದರಿ ಇದಕ್ಕೆ ಪ್ರಸಿದ್ಧ ಉದಾಹರಣೆ. ನಮ್ಮ ದೇಶದಲ್ಲಿ ಪರವಾನಗಿದಾರರ ಬಳಿ ಹೆಚ್ಚಾಗಿ ಕಂಡುಬರುವ .315 ಬೋರ್ ರೈಫಲ್ ಬೋಲ್ಟ್ ಮಾದರಿಯದು. ಸಾಮಾನ್ಯ ನಾಗರಿಕರು ವಿದೇಶದಿಂದ ಬಂದೂಕು ಆಮದು ಮಾಡಿಕೊಳ್ಳುವುದು 1980ರ ದಶಕದಿಂದ ನಿರ್ಬಂಧಿತವಾಗಿರುವುದರಿಂದ, ಉಳಿದಿರುವ ಲಿವರ್ ಆಕ್ಷನ್ ರೈಫಲ್‌ಗಳು ಬಹುಮಟ್ಟಿಗೆ ಹಿರಿಯರಿಂದ ಬಂದಂಥವು. ಇವುಗಳ ಬಿಡಿಭಾಗಗಳು ಸುಲಭವಾಗಿ ದೊರೆಯುವುದಿಲ್ಲ. ಆದುದರಿಂದ ತುಕ್ಕಿನಿಂದಾದ ನಷ್ಟವನ್ನು ತುಂಬಿಕೊಳ್ಳುವುದು ಕಷ್ಟ.

1. ತುಕ್ಕು ಮತ್ತು ಕಾನೂನು

ಬಂದೂಕಿನ ಮೇಲಿನ ತಯಾರಕರ ಹೆಸರು ಮತ್ತು ಸಂಖ್ಯೆಯೇ ಪರವಾನಗಿಗೂ ಆಯುಧಕ್ಕೂ ಇರುವ ಸಂಬಂಧ. ಸಂಖ್ಯೆ ಅಳಿಸಿರುವ ಬಂದೂಕು ಯಾರ ಸ್ವಾಧೀನದಲ್ಲಿ ದೊರೆಯುವುದೋ ಅವರೇ ಅದನ್ನು ಅಳಿಸಿದ್ದಾರೆಂದು, ಬೇರೆ ರೀತಿ ರುಜುವಾತಾಗುವವರೆಗೆ, ಶಸ್ತ್ರ ಅಧಿನಿಯಮ 1959ರ 8ನೇ ಪ್ರಕರಣದಂತೆ ಭಾವಿಸಲಾಗುತ್ತದೆ. ಅನೇಕ ಹಳೆಯ ವಿಂಚೆಸ್ಟರ್ ರೈಫಲ್‌ಗಳಲ್ಲಿ ಸಂಖ್ಯೆಯು ರಿಸೀವರಿನ ಅಡಿಭಾಗದಲ್ಲಿದ್ದು, ಕೈಯಲ್ಲಿ ಹಿಡಿದು ಒಯ್ಯುವಾಗ ಅಂಗೈಯ ಬೆವರು ತಾಗುವುದು ಅಲ್ಲಿಯೇ. ತುಕ್ಕು ಸಂಖ್ಯೆಯನ್ನು ತಿನ್ನದಂತೆ ನೋಡಿಕೊಳ್ಳುವುದು ಪರವಾನಗಿದಾರರ ಹಿತದೃಷ್ಟಿಯಿಂದಲೇ ಅಗತ್ಯ. ಸಂಖ್ಯೆಯಿರುವ ಭಾಗಕ್ಕೆ ಮರಳು ಕಾಗದ, ಅರ ಅಥವಾ ಆಮ್ಲವನ್ನು ಯಾವ ಕಾರಣಕ್ಕೂ ಬಳಸಬಾರದು.

2. ಕೆಲಸಕ್ಕೆ ಮುನ್ನ

ನಳಿಗೆಯನ್ನು ಸುರಕ್ಷಿತ ದಿಕ್ಕಿಗೆ ಹಿಡಿದು, ಬೆರಳನ್ನು ಟ್ರಿಗರಿನಿಂದ ದೂರವಿಟ್ಟು, ತೋಟೆ ಹೊರಬರುವುದು ನಿಲ್ಲುವವರೆಗೆ ಲಿವರನ್ನು ಪೂರ್ಣವಾಗಿ ಚಲಿಸತಕ್ಕದ್ದು. ನಳಿಗೆಯ ಕೆಳಗಿನ ಕೊಳವೆಯಲ್ಲಿ ಒಂದು ತೋಟೆ ಸಿಕ್ಕಿಕೊಂಡಿರುವ ಸಾಧ್ಯತೆಯಿರುವುದರಿಂದ ಲಿವರನ್ನು ತೆರೆದಿಟ್ಟು ಒಳಗೆ ಕಣ್ಣಾರೆ ನೋಡಿ ಖಚಿತಪಡಿಸಿಕೊಳ್ಳಬೇಕು. ತೋಟೆಗಳನ್ನು ಬೇರೆ ಕೋಣೆಯಲ್ಲಿಡಬೇಕು. ಮಕ್ಕಳು ಹತ್ತಿರವಿರಬಾರದು.

3. ಹೆಗಲಪಟ್ಟಿಯ ಜೋಡಣೆ

ಪಟ್ಟಿಗೆ ಎರಡು ಆಧಾರಗಳು ಬೇಕು. ಹಿಂದಿನದು ಬಟ್ಟಿನ ಕೆಳ ಅಂಚಿನಲ್ಲಿ, ತುದಿಯಿಂದ ಸುಮಾರು ಎರಡೂವರೆ ಅಂಗುಲ ಮುಂದೆ ಇರುವ ತಿರುಪು. ಮುಂದಿನದು ತೋಟೆಯ ಕೊಳವೆಯನ್ನು ಅಥವಾ ನಳಿಗೆ ಮತ್ತು ಕೊಳವೆ ಎರಡನ್ನೂ ಸುತ್ತುವ ಉಂಗುರ.

(ಅ) ಉಂಗುರವು ಕೊಳವೆಯ ಅಳತೆಗೆ ಸರಿಹೊಂದಬೇಕು. ಅತಿಯಾಗಿ ಬಿಗಿದರೆ ಕೊಳವೆ ನೆಗ್ಗಿ ಒಳಗಿನ ಸ್ಪ್ರಿಂಗ್ ಮತ್ತು ತೋಟೆಗಳು ಸಿಕ್ಕಿಕೊಳ್ಳುತ್ತವೆ.

(ಆ) ಉಂಗುರವನ್ನು ಕೂರಿಸುವ ಮುನ್ನ ಅದರ ಅಡಿಯ ಉಕ್ಕಿಗೆ ಗನ್ ಎಣ್ಣೆಯ ತೆಳು ಲೇಪ ಕೊಡಬೇಕು. ಉಂಗುರದ ಕೆಳಗೆ ಬಟ್ಟೆ ಅಥವಾ ಚರ್ಮ ಇಡಬಾರದು. ಅದು ನೀರನ್ನು ಹೀರಿ ಹಿಡಿದಿಡುತ್ತದೆ.

(ಇ) ಬಟ್ಟಿನಲ್ಲಿ ತಿರುಪಿನ ರಂಧ್ರವಿಲ್ಲದಿದ್ದಲ್ಲಿ ಹಳೆಯ ಮರವನ್ನು ಕೊರೆಯುವ ಬದಲು, ಬಟ್ಟಿಗೆ ಬಿಗಿದು ಕಟ್ಟುವ ಚರ್ಮದ ಕವಚವನ್ನು ಬಳಸಬಹುದು.

(ಈ) ಲೋಹವನ್ನು ಕೊರೆಯುವ, ಬೆಸೆಯುವ ಕೆಲಸವನ್ನು ಊರಿನ ಲೇತ್ ಅಥವಾ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಬಾರದು. ಅಧಿನಿಯಮದ 5ನೇ ಪ್ರಕರಣದಂತೆ ಬಂದೂಕು ದುರಸ್ತಿಗೆ ಪ್ರತ್ಯೇಕ ಪರವಾನಗಿ ಅಗತ್ಯ. ಅಂತಹ ಪರವಾನಗಿ ಹೊಂದಿದವರಲ್ಲಿಯೇ ಮಾಡಿಸತಕ್ಕದ್ದು.

(ಉ) ಜೋಡಣೆಯ ನಂತರ, ಖಾಲಿ ರೈಫಲಿನ ಲಿವರ್ ಪಟ್ಟಿಗೆ ತಾಗದೆ ಪೂರ್ಣವಾಗಿ ತೆರೆಯುವುದೇ ಎಂದು ನೋಡಬೇಕು. ಈ ಮಾದರಿಯ ರೈಫಲ್ ಸುಮಾರು 3 ಕಿಲೋಗ್ರಾಂ ತೂಗುವುದರಿಂದ ಎರಡೂ ಆಧಾರಗಳನ್ನು ಕೈಯಿಂದ ಬಲವಾಗಿ ಎಳೆದು ಪರೀಕ್ಷಿಸಬೇಕು.

ಹೆಗಲಪಟ್ಟಿ ಇದ್ದ ಮಾತ್ರಕ್ಕೆ ಬಂದೂಕನ್ನು ಪ್ರದರ್ಶಿಸುತ್ತಾ ತಿರುಗಾಡಲು ಅವಕಾಶವಿಲ್ಲ. ಸಾರ್ವಜನಿಕ ಸ್ಥಳದಲ್ಲಿ ಅದನ್ನು ಚೀಲದಲ್ಲಿಟ್ಟು, ಪರವಾನಗಿಯೊಂದಿಗೆ ಒಯ್ಯಬೇಕು. ಮದುವೆ, ಜಾತ್ರೆ ಮುಂತಾದ ಸಂದರ್ಭಗಳಲ್ಲಿ ಇತರರ ಜೀವಕ್ಕೆ ಅಪಾಯವಾಗುವಂತೆ ಸಂಭ್ರಮಕ್ಕಾಗಿ ಗುಂಡು ಹಾರಿಸುವುದು 2019ರ ತಿದ್ದುಪಡಿಯಂತೆ ಶಿಕ್ಷಾರ್ಹ ಅಪರಾಧ.

4. ತುಕ್ಕು ನಿವಾರಣೆ

ತುಕ್ಕು ಮೊದಲು ಕಾಣಿಸಿಕೊಳ್ಳುವುದು ಬಹುತೇಕ ಪಟ್ಟಿಯ ಉಂಗುರದ ಕೆಳಗೆ ಮತ್ತು ತಿರುಪುಗಳ ಸುತ್ತ. ಹೊರಗಿನಿಂದ ಅದು ಕಣ್ಣಿಗೆ ಬೀಳುವುದಿಲ್ಲ. ಚರ್ಮ ಹದಮಾಡಲು ಬಳಸಿದ ಲವಣಗಳು ತೇವವನ್ನು ಎಳೆದು ಉಕ್ಕನ್ನು ತಿನ್ನುತ್ತವೆ. ಆದುದರಿಂದ ಪಟ್ಟಿಯನ್ನು ನಳಿಗೆಗೆ ಸುತ್ತಿ ಇಡಬಾರದು. ರೈಫಲನ್ನು ಚರ್ಮದ ಚೀಲದಲ್ಲಿ ದೀರ್ಘಕಾಲ ಇಡಬಾರದು. ಶೇಖರಿಸುವಾಗ ಪಟ್ಟಿಯನ್ನು ಬಿಚ್ಚಿಡುವುದು ಉತ್ತಮ.

ಬಳಕೆಯ ನಂತರ ಒಣ ಬಟ್ಟೆಯಿಂದ ಒರೆಸಿ, ಗನ್ ಎಣ್ಣೆಯ ತೆಳು ಲೇಪ ಕೊಡಬೇಕು. ಕೊಬ್ಬರಿ ಎಣ್ಣೆ, ಶೇಂಗಾ ಎಣ್ಣೆ ಮುಂತಾದ ಅಡುಗೆ ಎಣ್ಣೆಗಳು ಕಾಲಕ್ರಮದಲ್ಲಿ ಅಂಟಾಗಿ ಲಿವರಿನ ಚಲನೆಯನ್ನು ತಡೆಯುತ್ತವೆ. ಲಿವರ್ ಆಕ್ಷನ್ ರೈಫಲ್‌ಗಳನ್ನು ಸಾಮಾನ್ಯವಾಗಿ ಬಾಯಿಯ ಕಡೆಯಿಂದ ಶುಚಿಗೊಳಿಸಬೇಕಾಗುವುದರಿಂದ, ಸಲಾಕೆಯು ನಳಿಗೆಯ ಬಾಯಂಚನ್ನು ಸವೆಸದಂತೆ ಎಚ್ಚರ ವಹಿಸಬೇಕು. ತುಕ್ಕು ಹಿಡಿದ ಭಾಗಕ್ಕೆ ಎಣ್ಣೆ ಹಚ್ಚಿ ಒಂದು ರಾತ್ರಿ ಬಿಟ್ಟು, ಮರುದಿನ ಮೆತ್ತನೆಯ ಬಟ್ಟೆಯಿಂದ ಒರೆಸಬೇಕು. ಕಪಾಟಿನಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳನ್ನಿಟ್ಟು, ಮಳೆಗಾಲದಲ್ಲಿ 15 ದಿನಗಳಿಗೊಮ್ಮೆ ಪರಿಶೀಲಿಸಬೇಕು.

5. ವಿಶೇಷ ಸಂದರ್ಭಗಳು

ಖಂಡೇನವಮಿ: ಆಯುಧ ಪೂಜೆಯಲ್ಲಿ ಹಚ್ಚಿದ ಒದ್ದೆ ಅರಿಷಿಣ, ಕುಂಕುಮ, ಗಂಧ ಮತ್ತು ಏರಿಸಿದ ಹೂವು ಒಂದೆರಡು ದಿನಗಳಲ್ಲಿಯೇ ಉಕ್ಕಿನಲ್ಲಿ ಕಲೆ ಮೂಡಿಸುತ್ತವೆ. ಕುಂಕುಮವನ್ನು ಮರದ ಬಟ್ಟಿಗೆ ಮಾತ್ರ ಹಚ್ಚಿ, ಪೂಜೆಯ ನಂತರ ಉಕ್ಕಿನ ಭಾಗಗಳನ್ನು ಒರೆಸಿ ಎಣ್ಣೆ ಲೇಪಿಸುವುದು ಸೂಕ್ತ.

ಚುನಾವಣಾ ಠೇವಣಿ: 2024ರ ಲೋಕಸಭಾ ಚುನಾವಣೆಯಲ್ಲಿ ನೀತಿ ಸಂಹಿತೆ ಮಾರ್ಚ್ 16ರಂದು ಜಾರಿಗೆ ಬಂದು, ಮತ ಎಣಿಕೆ ಜೂನ್ 4ರಂದು ನಡೆಯಿತು. ಇಂತಹ ಅವಧಿಯಲ್ಲಿ ಠೇವಣಿಗೆ ಆದೇಶವಾದಲ್ಲಿ ಆಯುಧವು ತಿಂಗಳುಗಟ್ಟಲೆ ಮಾಲೀಕರ ಕೈಯಲ್ಲಿರುವುದಿಲ್ಲ. ಠೇವಣಿಗೆ ಮುನ್ನ ಪಟ್ಟಿ ಬಿಚ್ಚಿ, ಎಣ್ಣೆ ಲೇಪಿಸಿ, ರಸೀದಿಯಲ್ಲಿ ಸಂಖ್ಯೆಯನ್ನು ತಾಳೆ ನೋಡತಕ್ಕದ್ದು. ಹಿಂಪಡೆದ ದಿನವೇ ಮತ್ತೆ ಶುಚಿಗೊಳಿಸಬೇಕು.

ಪ್ರವಾಹ: 2005, 2019 ಮತ್ತು 2021ರಲ್ಲಿ ಕೃಷ್ಣಾ ತೀರದ ಕುಟುಂಬಗಳು ಅಲ್ಪಾವಧಿಯಲ್ಲಿ ಮನೆ ಬಿಡಬೇಕಾಯಿತು. ಮುನ್ನೆಚ್ಚರಿಕೆ ದೊರೆತ ಕೂಡಲೇ ಬಂದೂಕನ್ನು ಪೊಲೀಸ್ ಠಾಣೆಯಲ್ಲಿ ಅಥವಾ ಠೇವಣಿ ಸ್ವೀಕರಿಸಲು ಪರವಾನಗಿ ಇರುವ ವ್ಯಾಪಾರಿಗಳಲ್ಲಿ ಒಪ್ಪಿಸಬೇಕು. ಕಾಳಜಿ ಕೇಂದ್ರಕ್ಕೆ ಒಯ್ಯಬಾರದು. ನೀರಿನಲ್ಲಿ ಮುಳುಗಿದ ರೈಫಲಿನ ಲಿವರನ್ನು ಬಲವಂತವಾಗಿ ಎಳೆಯದೆ, ಕೆಸರನ್ನು ಶುದ್ಧ ನೀರಿನಿಂದ ತೊಳೆದು, ಒಣಗಿಸಿ, ಎಣ್ಣೆ ಹಾಕಿ, ಪರವಾನಗಿ ಹೊಂದಿದ ದುರಸ್ತಿಗಾರರಿಗೆ ತೋರಿಸಬೇಕು. ನೆನೆದ ತೋಟೆಗಳನ್ನು ಬಳಸಬಾರದು. ಬಂದೂಕು ಕೊಚ್ಚಿಹೋದಲ್ಲಿ ತಕ್ಷಣ ಠಾಣೆಗೆ ಲಿಖಿತ ದೂರು ನೀಡಿ ಸ್ವೀಕೃತಿ ಪಡೆಯತಕ್ಕದ್ದು.

6. ನವೀಕರಣ

2019ರ ತಿದ್ದುಪಡಿಯ ನಂತರ ಪರವಾನಗಿಯ ಅವಧಿ 5 ವರ್ಷ. ಅವಧಿ ಮುಗಿಯುವ ಮುನ್ನವೇ ನವೀಕರಣಕ್ಕೆ ಅರ್ಜಿ ಸಲ್ಲಿಸಬೇಕು. ಆಯುಧವನ್ನು ಹಾಜರುಪಡಿಸುವಾಗ ಸಂಖ್ಯೆಯು ಸ್ಪಷ್ಟವಾಗಿ ಓದುವಂತಿರಬೇಕು. ಸಂಖ್ಯೆ ಮಸುಕಾಗಿರುವುದು ಕಂಡುಬಂದಲ್ಲಿ ತಾವೇ ತಿದ್ದದೆ, ಲಿಖಿತವಾಗಿ ಪರವಾನಗಿ ಪ್ರಾಧಿಕಾರದ ಗಮನಕ್ಕೆ ತರತಕ್ಕದ್ದು.

ಹೆಚ್ಚಿನ ಮಾಹಿತಿಗಾಗಿ ಪರವಾನಗಿದಾರರು ತಮ್ಮ ವ್ಯಾಪ್ತಿಯ ಪೊಲೀಸ್ ಠಾಣೆಯನ್ನು ಅಥವಾ ಬೆಳಗಾವಿಯ ಜಿಲ್ಲಾಧಿಕಾರಿಗಳ ಕಚೇರಿಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದಾಗಿದೆ.