ತುತ್ತು-ಸುಣ್ಣದ ತವರಿನಲ್ಲಿ ಸಾವಯವ ದ್ರಾಕ್ಷಿ



ಅಡಿಕೆಗೆ ಮದ್ದು ಬಿಡುವ ನಮಗೆಲ್ಲ ಬೋರ್ಡೋ ದ್ರಾವಣ ಗೊತ್ತು. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರು ನೀರು. ಕತ್ತಿಯ ಅಲಗನ್ನು ಅದ್ದಿ ನೋಡಿ, ಕೆಂಪು ಹಿಡಿದರೆ ಇನ್ನಷ್ಟು ಸುಣ್ಣ ಹಾಕಬೇಕೆಂಬುದು ನಾನು ಚಿಕ್ಕಂದಿನಲ್ಲಿ ಕಲಿತ ಪಾಠ. ಬೋರ್ಡೋ ಎಂಬುದು ಒಂದು ಊರೆಂದು ತಿಳಿದದ್ದು ಮಾತ್ರ ಬ್ಯಾಂಕಿನ ಕೆಲಸಕ್ಕೆ ಸೇರಿದ ಮೇಲೆ.

ಆ ಊರು ಫ್ರಾನ್ಸ್ ದೇಶದ ನೈಋತ್ಯ ಭಾಗದಲ್ಲಿದೆ. ಅದರ ಸುತ್ತಿನದು ಶತಮಾನಗಳಿಂದ ದ್ರಾಕ್ಷಿ ಬೆಳೆದು ವೈನ್ ಮಾಡುವ ಸೀಮೆ. ದಾರಿಹೋಕರು ಹಣ್ಣು ಕೀಳದಿರಲೆಂದು ಅಲ್ಲಿನ ರೈತರು ರಸ್ತೆಬದಿಯ ಬಳ್ಳಿಗಳಿಗೆ ತುತ್ತು-ಸುಣ್ಣ ಎರಚುತ್ತಿದ್ದರು. 1882ರಲ್ಲಿ ಬೂಜುರೋಗ ಬಂದು ತೋಟದ ಎಲೆಗಳೆಲ್ಲ ಉದುರಿದಾಗ, ಈ ಬಳ್ಳಿಗಳ ಎಲೆ ಉಳಿದದ್ದನ್ನು ಮಿಲಾರ್ದೆ ಎಂಬ ಪ್ರಾಧ್ಯಾಪಕರು ಗಮನಿಸಿದರು. ಪರೀಕ್ಷೆ ಮಾಡಿ 1885ರಲ್ಲಿ ಪ್ರಕಟಿಸಿದರು. ನಮ್ಮ ಕೊಳೆರೋಗದ ಮದ್ದು ಹುಟ್ಟಿದ್ದು ಹೀಗೆ.

ಈಗ ಅದೇ ಸೀಮೆ ಸಾವಯವದ ಕಡೆ ಹೊರಳುತ್ತಿದೆ. ಮದ್ದು ಬಿಡುವ ಆಳುಗಳ ಆರೋಗ್ಯ, ತೋಟದ ಪಕ್ಕದ ಮನೆಯವರ ಆತಂಕ, ಕೊಳ್ಳುವವರ ಬೇಡಿಕೆ, ಎಲ್ಲವೂ ಇದಕ್ಕೆ ಕಾರಣ. ಸಾವಯವ ಎಂದರೆ ಏನೂ ಸಿಂಪಡಿಸದೆ ಕೂರುವುದಲ್ಲ. ಕಾರ್ಖಾನೆಯ ಕಳೆನಾಶಕ, ಕೀಟನಾಶಕ ಕೂಡದು. ಗಂಧಕಕ್ಕೂ ತಾಮ್ರಕ್ಕೂ ಅನುಮತಿಯುಂಟು. ಆದರೆ ತಾಮ್ರ ಮಣ್ಣಿನಲ್ಲೇ ಉಳಿಯುತ್ತದೆ, ಹೆಚ್ಚಾದರೆ ಎರೆಹುಳಕ್ಕೆ ಕೇಡು. ಆದ್ದರಿಂದ ಯುರೋಪಿನ ಒಕ್ಕೂಟ 2019ರಿಂದ ಮಿತಿ ಇಟ್ಟಿತು: ಏಳು ವರ್ಷಕ್ಕೆ ಹೆಕ್ಟೇರಿಗೆ 28 ಕಿಲೋ ತಾಮ್ರ.

ಗುಮಾಸ್ತನಾದ ನಾನು ಲೆಕ್ಕ ಹಾಕಿದೆ. ವರ್ಷಕ್ಕೆ ಸರಾಸರಿ 4 ಕಿಲೋ. ಮೈಲುತುತ್ತಿನಲ್ಲಿ ತಾಮ್ರ ಕಾಲು ಪಾಲು. ಅಂದರೆ ಎರಡೂವರೆ ಎಕರೆಗೆ ಇಡೀ ವರ್ಷಕ್ಕೆ ಸುಮಾರು 16 ಕಿಲೋ ತುತ್ತು. ಮಳೆ ತೊಳೆದಾಗಲೆಲ್ಲ ಮತ್ತೆ ಬಿಡಬೇಕಾದವನಿಗೆ ಇದು ಬಿಗಿಯಾದ ಲೆಕ್ಕವೇ.

ಪಾಂತೆ-ಕಾನೆ ಎಂಬ ಹೆಸರಾಂತ ತೋಟದವರು 2004ರಲ್ಲಿ ಈ ದಾರಿ ಹಿಡಿದರು. 2007ರ ಮಳೆಗೆ ಬೂಜು ಏರಿದಾಗ ಹೆದರಿ ರಾಸಾಯನಿಕ ಬಿಟ್ಟರು. ಮತ್ತೆ ಮೊದಲಿನಿಂದ ಶುರು ಮಾಡಬೇಕಾಯಿತು. ಪ್ರಮಾಣಪತ್ರ ಸಿಕ್ಕಿದ್ದು 2010ರಲ್ಲಿ. 2018ರಲ್ಲಿ ಬೂಜು ಮತ್ತೆ ಬಂತು. ಈ ಸಲ ಅವರು ಹೆದರಲಿಲ್ಲ, ಆದರೆ ಬೆಳೆಯ ಬಹುಪಾಲು ಕೈಬಿಟ್ಟಿತು.

ದುಬಾರಿ ವೈನ್ ಮಾರುವವರು ಅಂಥ ಪೆಟ್ಟು ತಡೆದಾರು. ಸಣ್ಣ ಹಿಡುವಳಿದಾರರ ಕಷ್ಟವೇ ಬೇರೆ. ಪ್ರಮಾಣಪತ್ರಕ್ಕೆ ಮೊದಲಿನ ಮೂರು ವರ್ಷ ಖರ್ಚು ಸಾವಯವದ್ದು, ಸಿಗುವ ಬೆಲೆ ಮಾಮೂಲಿಯದ್ದು. ಸಾಲದ ಕಂತು ಮೂರು ವರ್ಷ ಕಾಯುವುದಿಲ್ಲವೆಂದು ಬ್ಯಾಂಕಿನಲ್ಲಿ ಕುಳಿತವನಿಗೆ ಹೇಳಿಕೊಡಬೇಕಿಲ್ಲ. ಆ ಮೂರು ವರ್ಷಕ್ಕೆ ಆಸರೆಯಾಗುವವರು ಯಾರು ಎಂಬುದೇ ಮುಖ್ಯ ಪ್ರಶ್ನೆ.

ಕೊಳೆರೋಗಕ್ಕೆ ಮದ್ದು ಬಿಡಬೇಡಿ ಎಂದು ನಾನು ಹೇಳುತ್ತಿಲ್ಲ. ಮುಂದಿನ ಸಲ ಮಣ್ಣು ಪರೀಕ್ಷೆಗೆ ಕೊಡುವಾಗ ತಾಮ್ರದ ಲೆಕ್ಕವನ್ನೂ ಕೇಳಿ ನೋಡಿ. ಮಣ್ಣೂ ಒಂದು ಖಾತೆಯೇ; ಹಾಕಿದ್ದೆಲ್ಲ ಅಲ್ಲಿ ಜಮೆಯಾಗುತ್ತದೆ.